ಬರೀ ಉಪ್ಪಲ್ಲಿ ಬೇಯಿಸಿದ ಸಿಗಡಿಗೆ ಫಿಲಿಪ್ಪೀನ್ಸ್ ಕಡೆಯವರು ಏನು ಅದ್ದಿಕೊಂಡು ತಿನ್ನುತ್ತಾರೆ? ಕಲಬುರಗಿಯಲ್ಲಿ ಸಿಗೋ ಸಾಮಾನಿನಲ್ಲಿ ಆಗುತ್ತಾ?

ಸೇಡಂ ರಸ್ತೆ ಸೊಸೆ:

ಎಲ್ಲರಿಗೂ ನಮಸ್ಕಾರ. ಹತ್ತು ದಿನ ಟೈಮ್ ಇದೆ, ಅಷ್ಟರಲ್ಲಿ ಕಲಿಯಬೇಕು, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಮನೆಯವರು ದಮ್ಮಾಮ್‌ನಲ್ಲಿ ಆರು ವರ್ಷ ಕೆಲಸ ಮಾಡಿ ಹೋದ ವರ್ಷ ಕಲಬುರಗಿಗೆ ವಾಪಸ್ ಬಂದರು. ಅಲ್ಲಿ ಇವರ ರೂಮಿನಲ್ಲೇ ಇದ್ದ ಫಿಲಿಪ್ಪೀನ್ಸ್‌ನ ಗೆಳೆಯರೊಬ್ಬರು ಈಗ ಕೆಲಸದ ಮೇಲೆ ಹೈದರಾಬಾದ್‌ಗೆ ಬರುತ್ತಿದ್ದಾರೆ, ಅಲ್ಲಿಂದ ಎರಡು ದಿನ ನಮ್ಮ ಮನೆಗೂ ಬರುತ್ತಾರೆ. ಊರು ಇಲೊಯ್ಲೊ ಅಂತೆ. ಇವರಿಗೆ ಅಲ್ಲಿ ಟೈಫಾಯ್ಡ್ ಆಗಿ ಮಲಗಿದ್ದಾಗ ದಿನಾ ಶುಂಠಿ ಹಾಕಿ ಅಕ್ಕಿ ಗಂಜಿ ಮಾಡಿ ಕುಡಿಸಿದವರು ಅವರು. ನಾನು ಇಲ್ಲಿ ಫೋನ್ ಹಿಡಿದು ಅಳುತ್ತಿದ್ದೆ, ಅವರು ವಿಡಿಯೊದಲ್ಲಿ ಖಾಲಿ ಬಟ್ಟಲು ತೋರಿಸಿ, ಪೂರ್ತಿ ಕುಡಿದಿದ್ದಾನೆ ನೋಡಿ ಅಂತ ಸನ್ನೆ ಮಾಡುತ್ತಿದ್ದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಮಾಲ್ಪುರಿ ಎಲ್ಲಾ ಮಾಡೋದು ಇದ್ದೇ ಇದೆ. ಆದರೆ ಒಂದು ಊಟವಾದರೂ ಅವರ ಮನೆ ಊಟದ ಹಾಗಿರಬೇಕು ಅಂತ ನನ್ನಾಸೆ.

ಇವರು ಹೇಳೋ ಪ್ರಕಾರ ಶುಕ್ರವಾರ ರಜೆಗೆ ಅವರು ಸಿಗಡಿಯನ್ನು (ನಾವು ಮನೆಯಲ್ಲಿ ಝಿಂಗಾ ಅಂತೀವಿ) ತಲೆ, ಸಿಪ್ಪೆ ಸಮೇತ ಬರೀ ಉಪ್ಪು ಹಾಕಿ ಮುಚ್ಚಿ ಬೇಯಿಸುತ್ತಿದ್ದರಂತೆ. ಮಸಾಲೆ ಇಲ್ಲವೇ ಇಲ್ಲ. ಪಕ್ಕದಲ್ಲಿ ಸಣ್ಣ ಸಣ್ಣ ಬಟ್ಟಲು. ಅದರಲ್ಲಿ ಏನಿತ್ತು ಅಂದರೆ "ಹುಳಿ ಇತ್ತು, ಖಾರ ಇತ್ತು, ಬೆಳ್ಳುಳ್ಳಿ ತೇಲ್ತಿತ್ತು" ಅಷ್ಟೇ ನೆನಪು. ನನಗೆ ಝಿಂಗಾ ಅಂದರೆ ಖಾರ ಮಸಾಲೆ ಹಚ್ಚಿ ಹುರಿಯೋದು ಮಾತ್ರ ಗೊತ್ತು. ಬೇರೆ ಕಡೆ ಹುಡುಕಿದರೆ ಒಬ್ಬರು ಮಯೊನೀಸ್ ಅಂತಾರೆ, ಒಬ್ಬರು ಬಾಳೆಹಣ್ಣಿನ ಕೆಚಪ್ ಅಂತಾರೆ, ಒಬ್ಬರು ಬೆಣ್ಣೆ ಅಂತಾರೆ. ನಿಜವಾಗಿ ಏನು ಇಡಬೇಕು? ಕಲಮಾನ್ಸಿ ಅನ್ನೋ ನಿಂಬೆ ಇಲ್ಲಿ ಸಿಗಲ್ಲ, ಅದಕ್ಕೆ ಬದಲು ಏನು? ವಿನೆಗರ್ ಅಂದರೆ ಗೋಬಿ ಮಂಚೂರಿಗೆ ಹಾಕೋ ಬಿಳಿ ಬಾಟಲಿದೇ ಸಾಕಾ?

ಇನ್ನೊಂದು ಮಾತು. ನಮ್ಮ ಅತ್ತೆ ಮಾಂಸ ಮೀನು ತಿನ್ನಲ್ಲ, ಆದರೆ ಮಾಡಬೇಡ ಅಂತ ಯಾವತ್ತೂ ಹೇಳಿಲ್ಲ, ಹಿತ್ತಲಲ್ಲಿ ಬೇರೆ ಒಲೆ ಇದೆ. ಅಡುಗೆ ಭಾನುವಾರ. ಒಟ್ಟು ಐದು ಜನ ತಿನ್ನುವವರು.


ದವಾವೊ ದಿನಗಳು:

ಅಕ್ಕಾ, ನಿಮ್ಮ ಪೋಸ್ಟ್ ಓದಿ ಕೂಡಲೇ ಬರೆಯಲು ಕೂತೆ. ನಾನು ಹುಮನಾಬಾದಿನವಳು, ಮೆಡಿಕಲ್ ಓದಿದ್ದು ಫಿಲಿಪ್ಪೀನ್ಸ್‌ನ ದವಾವೊದಲ್ಲಿ. ನೀವು ಹೇಳುತ್ತಿರೋ ಸಿಗಡಿಗೆ ಹಲಬೋಸ್ ನ ಹಿಪೊನ್ ಅಂತಾರೆ, ಹಿಪೊನ್ ಅಂದರೆ ಸಿಗಡಿ. ದವಾವೊದಲ್ಲೂ ಇಲೊಯ್ಲೊದಲ್ಲೂ ಪಸಾಯನ್ ಅನ್ನೋದು ಜಾಸ್ತಿ. ಅದ್ದಿಕೊಳ್ಳುವುದಕ್ಕೆಲ್ಲ ಒಟ್ಟಾಗಿ ಸಾವ್ಸಾವನ್ ಅಂತ ಹೆಸರು. ಅದು ಒಂದು ಸಾಸ್ ಅಲ್ಲ. ಇದು ತಿಳಿದರೆ ಅರ್ಧ ಕೆಲಸ ಆದಂತೆ.

ನಾನು ಹೋದ ಮೊದಲ ವಾರ ಮನೆ ಓನರ್ ಆಂಟಿ ಊಟಕ್ಕೆ ಕರೆದರು. ಸಿಗಡಿ ತಟ್ಟೆ ನಡುವೆ ಇತ್ತು, ನನ್ನ ಮುಂದೆ ಒಂದು ಖಾಲಿ ಬಟ್ಟಲು. ಸಾಸ್ ಯಾವಾಗ ಹಾಕುತ್ತಾರೆ ಅಂತ ಕಾಯುತ್ತಾ ಕೂತೆ. ಅವರ ಮನೆಯ ಚಿಕ್ಕ ಹುಡುಗಿ ತನ್ನ ಬಟ್ಟಲಿಗೆ ವಿನೆಗರ್ ಸುರಿದುಕೊಂಡು, ಎರಡು ಮೆಣಸಿನಕಾಯಿ ಹಾಕಿ ಚಮಚದ ಹಿಂಬದಿಯಿಂದ ಜಜ್ಜಿದಳು. ಆಗ ಗೊತ್ತಾಯಿತು. ಅಡುಗೆ ಮಾಡಿದವರು ಸಿಗಡಿ ಬೇಯಿಸಿ ಕೊಡುತ್ತಾರೆ, ರುಚಿ ಹೊಂದಿಸಿಕೊಳ್ಳೋದು ತಿನ್ನುವವರ ಕೆಲಸ. ಅದಕ್ಕೇ ಸಿಗಡಿಗೆ ಉಪ್ಪು ಬಿಟ್ಟು ಏನೂ ಹಾಕಲ್ಲ. ನೀವು ಎಲ್ಲಾ ಬೆರೆಸಿ ಅಳತೆ ಮಾಡಿ ಒಂದೇ ಬಟ್ಟಲಲ್ಲಿ ಇಡಬೇಡಿ. ವಿನೆಗರ್, ಸೋಯಾ ಸಾಸ್, ಕತ್ತರಿಸಿದ ನಿಂಬೆಹಣ್ಣು, ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕುಟ್ಟಿದ ಕಾಳುಮೆಣಸು, ಉಪ್ಪು ಇಷ್ಟನ್ನು ನಡುವೆ ಇಡಿ, ಎಲ್ಲರ ಮುಂದೆ ಖಾಲಿ ಬಟ್ಟಲು ಇಡಿ. ಅವರು ಕೂತ ಕೂಡಲೇ ತಮ್ಮ ಮನೆಯಲ್ಲಿ ಕೂತ ಹಾಗೆ ಬೆರೆಸಿಕೊಳ್ಳುತ್ತಾರೆ. ನಿಮಗೂ ಕಲಿಸುತ್ತಾರೆ.

ನಿಮ್ಮ ಮನೆಯವರಿಗೆ ಬೆಳ್ಳುಳ್ಳಿ ತೇಲಿದ್ದು ನೆನಪಿದೆ ಅಂದರೆ ಅದು ವಿನೆಗರ್ ಬಟ್ಟಲು. ಸುಕಾ ಅಂದರೆ ವಿನೆಗರ್. ಒಂದು ವಾಟಿ ವಿನೆಗರ್‌ಗೆ ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಒಂದು ಸಣ್ಣ ಕೆಂಪು ಈರುಳ್ಳಿ, ಎರಡು ಮೂರು ಮೆಣಸಿನಕಾಯಿ, ಅರ್ಧ ಚಮಚ ಉಪ್ಪು, ನಾಲ್ಕೈದು ಕಾಳುಮೆಣಸು ಒರಟಾಗಿ ಕುಟ್ಟಿ ಹಾಕಿ ಅರ್ಧ ಗಂಟೆ ಬಿಡಿ. ರುಬ್ಬಬೇಡಿ, ಕುದಿಸಬೇಡಿ, ಒಗ್ಗರಣೆ ಕೊಡಬೇಡಿ. ನಮ್ಮ ಕೈ ತಾನಾಗೇ ಒಗ್ಗರಣೆ ಕಡೆ ಹೋಗುತ್ತೆ ಅಲ್ವಾ, ಇಲ್ಲಿ ತಡೆಯಬೇಕು. ನೀರು ನೀರಾಗಿ ಇರಬೇಕು, ಸಿಗಡಿ ಅದ್ದಿದರೆ ಒಳಗೆ ಇಳಿಯಬೇಕು.

ಎರಡನೆಯದು ಟೊಯೊಮಾನ್ಸಿ. ಟೊಯೊ ಅಂದರೆ ಸೋಯಾ ಸಾಸ್, ಅದಕ್ಕೆ ಕಲಮಾನ್ಸಿ ಹಿಂಡಿದರೆ ಟೊಯೊಮಾನ್ಸಿ. ಎರಡು ಚಮಚ ಸೋಯಾಕ್ಕೆ ಒಂದು ಚಮಚ ರಸ, ಒಂದು ಮೆಣಸಿನಕಾಯಿ, ಮುಗಿಯಿತು. ಕಲಮಾನ್ಸಿ ಹಣ್ಣು ಗೋಲಿ ಗಾತ್ರಕ್ಕಿಂತ ಸ್ವಲ್ಪ ದೊಡ್ಡದು, ಹೊರಗೆ ಹಸಿರು, ಒಳಗೆ ಕಿತ್ತಳೆ ಬಣ್ಣ. ಹುಳಿ ನಿಂಬೆಯಷ್ಟೇ, ಆದರೆ ವಾಸನೆಯಲ್ಲಿ ಕಿತ್ತಳೆಯ ಛಾಯೆ ಇರುತ್ತೆ. ಅದಕ್ಕೆ ನಾನು ಮನೆಯಲ್ಲಿ ಮೂರು ಪಾಲು ನಿಂಬೆರಸಕ್ಕೆ ಒಂದು ಪಾಲು ಕಿತ್ತಳೆ ರಸ ಬೆರೆಸುತ್ತೇನೆ. ನಮ್ಮ ಕಡೆ ಬರೋ ಇಂಡಿ ನಿಂಬೆ ತೆಳು ಸಿಪ್ಪೆಯದು, ರಸ ಚೆನ್ನಾಗಿ ಬರುತ್ತೆ, ಅದೇ ತಗೊಳ್ಳಿ. ಮೋಸಂಬಿ ಬೇಡ, ಸಪ್ಪೆ ಆಗುತ್ತೆ.

ಮೂರನೆಯದು ಮುಖ್ಯವಾದದ್ದು. ಅವರು ಇಲೊಯ್ಲೊದವರು ಅಂದಿರಿ. ಅಲ್ಲಿ ಸಿನಾಮಾಕ್ ಇಲ್ಲದ ಊಟದ ಮೇಜು ಇಲ್ಲ ಅಂತಲೇ ಹೇಳಬಹುದು. ಅದೂ ವಿನೆಗರ್, ಆದರೆ ಬಾಟಲಿಯಲ್ಲಿ ನೆನೆ ಹಾಕಿಟ್ಟದ್ದು. ಸಣ್ಣ ಖಾರದ ಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಕಾಳುಮೆಣಸು, ಜೊತೆಗೆ ಲಂಕಾವಾಸ್ ಅಂತ ಶುಂಠಿ ಜಾತಿಯ ಗಡ್ಡೆ. ಲಂಕಾವಾಸ್ ಇಲ್ಲಿ ಸಿಗಲ್ಲ, ಶುಂಠಿಯೇ ಸಾಕು. ಒಂದು ಗಾಜಿನ ಬಾಟಲಿಗೆ ಎರಡು ಹಿಡಿ ಮೆಣಸಿನಕಾಯಿ, ಒಂದು ಇಡೀ ಬೆಳ್ಳುಳ್ಳಿ ಗಡ್ಡೆ ಸುಲಿದು, ಎರಡು ಇಂಚು ಶುಂಠಿ ತೆಳುವಾಗಿ ಕೊಯ್ದು, ಒಂದು ಚಮಚ ಕಾಳುಮೆಣಸು, ಚಿಟಿಕೆ ಉಪ್ಪು ಹಾಕಿ ವಿನೆಗರ್ ತುಂಬಿಸಿ. ಎಲ್ಲಾ ತೊಳೆದು ಬಟ್ಟೆಯ ಮೇಲೆ ಪೂರ್ತಿ ಒಣಗಿಸಿದ ಮೇಲೆ ಹಾಕಬೇಕು, ಉಪ್ಪಿನಕಾಯಿಗೆ ಹೇಗೋ ಹಾಗೆ. ಮೂರು ದಿನಕ್ಕೆ ತಿನ್ನಬಹುದು, ವಾರ ಬಿಟ್ಟರೆ ಖಾರ ಪೂರ್ತಿ ಇಳಿದಿರುತ್ತೆ. ನಿಮಗೆ ಹತ್ತು ದಿನ ಇದೆಯಲ್ಲ, ಇವತ್ತೇ ಹಾಕಿಬಿಡಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಮುಟ್ಟಿಸಬೇಡಿ, ಹುಳಿಗೆ ಲೋಹ ಬಿಟ್ಟುಕೊಳ್ಳುತ್ತೆ. ಗಾಜು ಇಲ್ಲದಿದ್ದರೆ ಉಪ್ಪಿನಕಾಯಿ ಭರಣಿ ಆಗುತ್ತೆ.

ಮೆಣಸಿನಕಾಯಿ ವಿಷಯ. ಅಲ್ಲಿಯದು ಸಿಲಿಂಗ್ ಲಬುಯೊ, ಬೆರಳ ತುದಿಯಷ್ಟು ಸಣ್ಣದು, ಮಹಾ ಖಾರ. ಸೂಜಿ ಮೆಣಸಿನಕಾಯಿ ಸಿಕ್ಕರೆ ಅದೇ ಸರಿ. ಇಲ್ಲವಾದರೆ ಮಿರ್ಚಿ ಭಜಿ ಮಾಡೋ ದಪ್ಪ ಮೆಣಸಿನಕಾಯಿ ಮಾತ್ರ ಬೇಡ, ದಿನದ ಅಡುಗೆಯ ಸಣ್ಣ ಖಾರದ ಮೆಣಸಿನಕಾಯಿ ನೋಡಿ ತಗೊಳ್ಳಿ.


ಹಳೇ ಬಾಣಸಿಗ, ಯಾದಗಿರಿ:

ತಂಗಿ, ಮೇಲೆ ಆ ಡಾಕ್ಟರ್ ತಂಗಿ ಹೇಳಿದ್ದು ಸರಿಯಾಗಿದೆ. ನಾನು ಫಿಲಿಪ್ಪೀನ್ಸ್ ನೋಡಿದವನಲ್ಲ, ಆದರೆ ಹೈದರಾಬಾದ್, ಕಲಬುರಗಿ ಹೋಟೆಲ್‌ಗಳಲ್ಲಿ ಚೈನೀಸ್ ಸೆಕ್ಷನ್‌ನಲ್ಲಿ ಇಪ್ಪತ್ತು ವರ್ಷ ನಿಂತಿದ್ದೇನೆ. ವಿನೆಗರ್ ಬಗ್ಗೆ, ಸಿಗಡಿ ಬಗ್ಗೆ ಸ್ವಲ್ಪ ಹೇಳುತ್ತೇನೆ, ಇವೆರಡು ಕೆಟ್ಟರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಬಿಳಿ ಬಾಟಲಿ ತಿರುಗಿಸಿ ಲೇಬಲ್ ಓದಿ. ಸಿಂಥೆಟಿಕ್ ಅಂತ ಬರೆದಿರುತ್ತೆ. ಅಂದರೆ ಅಸಿಟಿಕ್ ಆಸಿಡ್‌ಗೆ ನೀರು ಬೆರೆಸಿದ್ದು. ಗೋಬಿ ಮಂಚೂರಿಗೆ ಅದು ನಡೆಯುತ್ತೆ, ಯಾಕೆಂದರೆ ಅಲ್ಲಿ ಸಾಸು, ಬೆಳ್ಳುಳ್ಳಿ, ಎಣ್ಣೆ, ಬೆಂಕಿ ಎಲ್ಲಾ ಇದೆ. ಇಲ್ಲಿ ಹಸಿಯಾಗಿ ನೇರ ನಾಲಗೆಗೆ ಬರುವುದು ವಿನೆಗರ್ ಒಂದೇ. ಮೂಗಿಗೆ ಹೊಡೆಯುತ್ತೆ, ಗಂಟಲು ಹಿಡಿಯುತ್ತೆ, ಹಿಂದೆ ರುಚಿ ಏನೂ ಇರಲ್ಲ. ಕೊಳೆಸಿ ಹುಳಿ ಬರಿಸಿದ ವಿನೆಗರ್ ಬೇಕು. ಕಬ್ಬಿನದ್ದೋ ತೆಂಗಿನದ್ದೋ ಆದರೆ ಬಹಳ ಚೆನ್ನಾಗಿ, ಗೋವಾ ಕಡೆಯದು ಆನ್‌ಲೈನ್‌ನಲ್ಲಿ ಬರುತ್ತೆ. ಆರ್ಡರ್ ಬರುವುದು ತಡ ಆದರೆ ಸೂಪರ್ ಮಾರ್ಕೆಟ್ ಕಡೆ ದೊಡ್ಡ ಅಂಗಡಿಯಲ್ಲಿ ಆಪಲ್ ಸೈಡರ್ ವಿನೆಗರ್ ಕೇಳಿ. ಸೇಬಿನ ವಾಸನೆ ಸ್ವಲ್ಪ ಇರುತ್ತೆ, ಬೆಳ್ಳುಳ್ಳಿ ಬಿದ್ದ ಮೇಲೆ ಗೊತ್ತಾಗಲ್ಲ. ಮೂರು ಪಾಲು ಅದಕ್ಕೆ ಒಂದು ಪಾಲು ನೀರು, ಕಡಲೆ ಕಾಳಿನಷ್ಟು ಬೆಲ್ಲ. ನಮ್ಮ ಬೀದರ್ ಕಡೆ ಬೆಲ್ಲ ಹಾಕಿದರೆ ಕಬ್ಬಿನ ವಿನೆಗರ್‌ಗೆ ಹತ್ತಿರ ಬರುತ್ತೆ. ಆದರೆ ಈ ನೀರು ಬೆರೆಸೋದು ಆವತ್ತಿನ ಬಟ್ಟಲಿಗೆ ಮಾತ್ರ. ಬಾಟಲಿಯಲ್ಲಿ ನೆನೆ ಹಾಕೋದಕ್ಕೆ ನೀರು ಹಾಕಬೇಡಿ, ಹುಳಿ ಕಡಿಮೆ ಆದರೆ ಕೆಡುತ್ತೆ.

ಸೋಯಾ ಸಾಸ್ ಕೂಡ ನೋಡಿ ತಗೊಳ್ಳಬೇಕು. ಇಲ್ಲಿ ಅಂಗಡಿಯಲ್ಲಿ ಸುಮ್ನೆ ಸೋಯಾ ಅಂದರೆ ಡಾರ್ಕ್ ಕೊಡುತ್ತಾರೆ, ಅದು ಬಣ್ಣಕ್ಕೆ ಹಾಕೋದು, ಗಟ್ಟಿ, ಕಪ್ಪು. ಅದ್ದಿಕೊಳ್ಳೋಕೆ ಲೈಟ್ ಸೋಯಾ ಕೇಳಿ. ಸಿಗದಿದ್ದರೆ ಡಾರ್ಕ್‌ಗೆ ಸಮ ನೀರು ಸೇರಿಸಿ, ಉಪ್ಪು ನೋಡಿಕೊಳ್ಳಿ.

ಈಗ ಸಿಗಡಿ. ನಮ್ಮೂರುಗಳಿಗೆ ಸಮುದ್ರ ದೂರ. ಇಲ್ಲಿಗೆ ಬರೋದು ಹೆಚ್ಚಿನಂಶ ಆಂಧ್ರದ ಕೆರೆಗಳಲ್ಲಿ ಸಾಕಿದ ವನ್ನಾಮಿ ಅನ್ನೋ ಜಾತಿಯ ಸಿಗಡಿ, ಐಸ್ ಪೆಟ್ಟಿಗೆಯಲ್ಲಿ ಹೈದರಾಬಾದ್ ಮೇಲಿಂದ ಬರುತ್ತೆ. ಮಸಾಲೆ ಹಾಕಿ ಹುರಿಯುವುದಾದರೆ ಸ್ವಲ್ಪ ಹಳೇದು ಮುಚ್ಚಿಹೋಗುತ್ತೆ. ಬರೀ ಉಪ್ಪಿನಲ್ಲಿ ಬೇಯಿಸಿದರೆ ಯಾವುದೂ ಮುಚ್ಚಲ್ಲ. ಹಿಂದಿನ ದಿನವೇ ಅಂಗಡಿಯವರಿಗೆ ಹೇಳಿ, ತಲೆ ತೆಗೆಯಬೇಡಿ, ಸಿಪ್ಪೆ ಸುಲಿಯಬೇಡಿ ಅಂತ, ಇಲ್ಲದಿದ್ದರೆ ಅವರು ರೂಢಿ ಪ್ರಕಾರ ಚೊಕ್ಕ ಮಾಡಿ ಕೊಟ್ಟುಬಿಡುತ್ತಾರೆ. ತಲೆ ಮೈಗೆ ಗಟ್ಟಿಯಾಗಿ ಅಂಟಿರಬೇಕು. ತಲೆ ಜೋತು ಬಿದ್ದು ಕಪ್ಪಾಗಿದ್ದರೆ ದಿನ ಕಳೆದಿದೆ ಅಂತ. ಮೂಗಿಗೆ ಹಿಡಿದಾಗ ಅಮೋನಿಯಾ ತರ ಘಾಟು ಬಂದರೆ ಬಿಟ್ಟು ಬನ್ನಿ, ತೊಳೆದರೆ ಹೋಗಲ್ಲ ಅದು. ಅಂಥ ದಿನ ಫ್ರೀಜರ್‌ನಲ್ಲಿ ಗಟ್ಟಿ ಹೆಪ್ಪುಗಟ್ಟಿದ ಪ್ಯಾಕೆಟ್ ತಗೊಳ್ಳೋದೇ ಮೇಲು. ಅದನ್ನು ರಾತ್ರಿ ಫ್ರಿಜ್‌ನ ಕೆಳ ಖಾನೆಯಲ್ಲಿ ಬಿಡಿ. ಹೊರಗೆ ಕಟ್ಟೆ ಮೇಲೆ ಇಡಬೇಡಿ, ನಮ್ಮ ಬಿಸಿಲಿಗೆ ಹೊರಗಡೆ ಕರಗಿ ಹಾಳಾಗಿ ಒಳಗೆ ಇನ್ನೂ ಕಲ್ಲಾಗಿರುತ್ತೆ. ಐದು ಜನಕ್ಕೆ ತಲೆ ಸಮೇತ ಎರಡು ಕಿಲೋ ಬೇಕು, ಅರ್ಧದಷ್ಟು ತೂಕ ತಲೆ ಸಿಪ್ಪೆಯಲ್ಲೇ ಹೋಗುತ್ತೆ.

ಬೆನ್ನಿನ ಕಪ್ಪು ನರ ತೆಗೆಯೋಕೆ ಸಿಪ್ಪೆ ಬಿಡಿಸಬೇಕಿಲ್ಲ. ಸಿಗಡಿ ಬಗ್ಗಿಸಿ, ಬೆನ್ನ ಮೇಲೆ ಎರಡನೇ ಗಿಣ್ಣಿನ ಸಂದಿಯಲ್ಲಿ ಹಲ್ಲುಕಡ್ಡಿ ಚುಚ್ಚಿ ಮೆಲ್ಲಗೆ ಎತ್ತಿ, ದಾರದ ಹಾಗೆ ಬರುತ್ತೆ. ಆಮೇಲೆ ಅಗಲ ಬಾಂಡ್ಲಿ, ನಾಲ್ಕು ಚಮಚ ನೀರು, ಒಂದು ಚಮಚ ಉಪ್ಪು, ನೀರು ಕುದಿಯೋಕೆ ಶುರುವಾದಾಗ ಸಿಗಡಿ ಹಾಕಿ ಮುಚ್ಚಿ. ಎರಡು ನಿಮಿಷಕ್ಕೆ ಒಮ್ಮೆ ಮೇಲೆ ಕೆಳಗೆ ಮಾಡಿ, ಮತ್ತೆ ಎರಡು ನಿಮಿಷ. ಅದರ ನೀರಲ್ಲೇ ಅದು ಬೇಯುತ್ತೆ. ಪೂರ್ತಿ ಕೆಂಪಗಾಗಿ ಅರ್ಧಚಂದ್ರದ ಹಾಗೆ ಬಾಗಿದರೆ ಬೆಂದಿದೆ. ಉಂಗುರದ ಹಾಗೆ ಸುತ್ತಿಕೊಂಡರೆ ಜಾಸ್ತಿ ಆಯಿತು, ರಬ್ಬರ್ ಆಗುತ್ತೆ. ಎರಡು ಕಿಲೋ ಒಟ್ಟಿಗೆ ಹಾಕಬೇಡಿ, ಮೂರು ಸಲ ಮಾಡಿ. ಇಡ್ಲಿ ಪಾತ್ರೆಯ ಉಗಿಯಲ್ಲೂ ಆಗುತ್ತೆ, ಐದು ನಿಮಿಷ. ಆದರೆ ಬಾಂಡ್ಲಿಯಲ್ಲಿ ತಳದಲ್ಲಿ ಉಳಿಯೋ ಕೇಸರಿ ಬಣ್ಣದ ರಸ ಇಡ್ಲಿ ಪಾತ್ರೆಯಲ್ಲಿ ಕೆಳಗಿನ ನೀರಿಗೆ ಹೋಗಿಬಿಡುತ್ತೆ. ಆ ರಸ ಬಿಡಬಾರದು ತಂಗಿ.

ಮತ್ತೆ, ನಿಮ್ಮ ಮನೆಯಲ್ಲಿ ಸಿಗಡಿ ಹಿಂದೆ ತಿನ್ನದ ಮಕ್ಕಳು ಯಾರಾದರೂ ಇದ್ದರೆ ಮೊದಲು ಒಂದೇ ಕೊಟ್ಟು ನೋಡಿ. ಮೀನು ಒಗ್ಗಿದವರಿಗೂ ಸಿಗಡಿ ಒಗ್ಗದೆ ಮೈಯೆಲ್ಲಾ ದದ್ದು ಏಳೋದು ಕಂಡಿದ್ದೇನೆ.


ಸೇಡಂ ರಸ್ತೆ ಸೊಸೆ:

ಅಣ್ಣಾರೆ, ಡಾಕ್ಟರ್ ತಂಗಿ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವರಿಗೆ ಓದಿ ಹೇಳಿದೆ, ಸಿನಾಮಾಕ್ ಅಂದ ಕೂಡಲೇ "ಅದೇ, ಅದೇ, ಕೋಕ್ ಬಾಟಲಿಯಲ್ಲಿ ಇಟ್ಟಿರ್ತಿದ್ದ" ಅಂದರು. ಆಪಲ್ ಸೈಡರ್ ಸಿಕ್ಕಿತು, ಇವತ್ತು ಸಂಜೆಯೇ ಬಾಟಲಿ ತುಂಬಿಸಿದ್ದೇನೆ. ಆ ಬೆಲ್ಲದ ಉಪಾಯ ನಾಲಗೆಗೆ ಹಚ್ಚಿ ನೋಡಿದೆ, ನಿಜವಾಗಲೂ ಒರಟುತನ ಹೋಯಿತು.

ಇನ್ನು ಮೂರು ಸಂಶಯ. ಬಾಳೆಹಣ್ಣಿನ ಕೆಚಪ್ ಬಗ್ಗೆ ಯಾರೂ ಹೇಳಲಿಲ್ಲ. ಶೇಂಗಾ ಹಿಂಡಿಗೆ ನಿಂಬೆರಸ ಕಲಸಿ ಒಂದು ಬಟ್ಟಲು ಇಡಲಾ, ನಮ್ಮದೂ ಒಂದು ಇರಲಿ ಅಂತ? ಮತ್ತೆ ಬಗೊಓಂಗ್ ಅಂತ ಸಿಗಡಿ ಚಟ್ನಿ ಇದೆಯಂತಲ್ಲ, ಇಲ್ಲಿ ಒಣ ಝಿಂಗಾ ಸಿಗುತ್ತೆ, ಅದರಿಂದ ಮಾಡಬಹುದಾ?


ಶಹಾಪುರ ಮಾಸ್ತರ:

ಬಾಳೆಹಣ್ಣಿನ ಕೆಚಪ್ ಬಗ್ಗೆ ನಾನು ಹೇಳುತ್ತೇನೆ, ಮಕ್ಕಳಿಗೆ ಪಾಠದಲ್ಲಿ ಹೇಳುವ ಕಥೆ ಇದು. ಮರಿಯಾ ಒರೊಸಾ ಅಂತ ಫಿಲಿಪ್ಪೀನ್ಸ್‌ನ ಆಹಾರ ವಿಜ್ಞಾನಿ ಒಬ್ಬರಿದ್ದರು. ಅಮೆರಿಕದಲ್ಲಿ ಓದಿ ವಾಪಸ್ ಬಂದು ತಮ್ಮ ನೆಲದಲ್ಲಿ ಬೆಳೆಯೋದನ್ನೇ ಕೆಡದ ಹಾಗೆ ಹೇಗೆ ಇಡಬಹುದು ಅನ್ನೋ ಕೆಲಸಕ್ಕೆ ನಿಂತರು. ಅಲ್ಲಿ ಟೊಮೆಟೊ ಕಡಿಮೆ, ಬಾಳೆ ಬೇಕಾದಷ್ಟು. ಬಾಳೆಹಣ್ಣು, ವಿನೆಗರ್, ಸಕ್ಕರೆ, ಮಸಾಲೆ ಸೇರಿಸಿ ಕೆಚಪ್ ಮಾಡಿದ ಹಿರಿಮೆ ಅವರಿಗೇ ಕೊಡುತ್ತಾರೆ. ಯುದ್ಧದ ಕಾಲದಲ್ಲಿ ಹಸಿದವರಿಗೆ ಸೋಯಾ ಪುಡಿ ಮಾಡಿ ಹಂಚಿದವರೂ ಅವರೇ. 1945ರ ಫೆಬ್ರವರಿಯಲ್ಲಿ ಮನಿಲಾದ ಕಾಳಗದಲ್ಲಿ ತೀರಿಕೊಂಡರು, ಊರು ಬಿಟ್ಟು ಹೋಗಿ ಅಂತ ಮನೆಯವರು ಹೇಳಿದರೂ ಹೋಗಲಿಲ್ಲ. ನಿಮ್ಮ ಅತಿಥಿಗೆ ಅವರ ಹೆಸರು ಖಂಡಿತ ಗೊತ್ತಿರುತ್ತೆ, ಮಾತಿಗೆ ಒಳ್ಳೆಯ ವಿಷಯ.

ನಾನು ಶಾಕಾಹಾರಿ, ಸಿಗಡಿ ಬಗ್ಗೆ ಹೇಳಲಾರೆ. ಆದರೆ ಆ ನೆನೆ ಹಾಕಿದ ವಿನೆಗರ್ ಓದಿದರೆ ನನಗೆ ಮಿರ್ಚಿ ಭಜಿ ನೆನಪಾಗುತ್ತಿದೆ. ನಿಮ್ಮ ಅತ್ತೆಯವರಿಗೆ ಅದನ್ನೇ ಮಾಡಿ ಕೊಡಿ, ಅವರೂ ಊಟದಲ್ಲಿ ಸೇರಿದ ಹಾಗಾಗುತ್ತೆ.


ದವಾವೊ ದಿನಗಳು:

ಮಾಸ್ತರರು ಹೇಳಿದ ಭಜಿ ಬಹಳ ಸರಿ! ಅಲ್ಲಿ ಉಕೊಯ್ ಅಂತ ಸಿಗಡಿ ಭಜಿ ಇದೆ, ಬೀದಿಯಲ್ಲಿ ಕರಿದು ಕೊಡುತ್ತಾರೆ, ಅದನ್ನು ಬೆಳ್ಳುಳ್ಳಿ ವಿನೆಗರ್‌ನಲ್ಲೇ ಅದ್ದಿ ತಿನ್ನೋದು. ಕರಿದದ್ದಕ್ಕೆ ಹುಳಿ ಖಾರ ಅಷ್ಟು ಹೊಂದುತ್ತೆ. ಒಂದು ಚಿಕ್ಕ ಬಾಟಲಿ ಅತ್ತೆಯವರಿಗೆ ಅಂತಲೇ ಬೇರೆ ತೆಗೆದಿಡಿ ಅಕ್ಕಾ, ಸಿಗಡಿ ಕೈ ಮುಟ್ಟದ ಹಾಗೆ.

ಕೆಚಪ್ ಬೇಡ. ಅದು ಸಿಹಿ. ಕರಿದ ಕೋಳಿಗೆ, ಆಮ್ಲೆಟ್‌ಗೆ, ಅವರ ಸಿಹಿ ಸ್ಪಗೆಟಿಗೆ ಹಾಕುತ್ತಾರೆ. ಬೆಂದ ಸಿಗಡಿಗೇ ತನ್ನದೊಂದು ಸಿಹಿ ಇದೆ, ಅದರ ಮೇಲೆ ಸಿಹಿ ಹಾಕಿದರೆ ಎರಡೂ ಗೊತ್ತಾಗಲ್ಲ. ಮಯೊನೀಸ್ ಕೂಡ ಅದೇ ಕಾರಣಕ್ಕೆ ಬೇಡ, ಸಿಗಡಿ ಮೇಲೆ ಪದರ ಕಟ್ಟುತ್ತೆ.

ಬಗೊಓಂಗ್ ಚಟ್ನಿ ಅಲ್ಲ. ಸಣ್ಣ ಸಿಗಡಿಯನ್ನೋ ಮೀನನ್ನೋ ಉಪ್ಪು ಹಾಕಿ ವಾರಗಟ್ಟಲೆ ತಿಂಗಳುಗಟ್ಟಲೆ ಕೊಳೆಸಿ ಮಾಡೋದು, ಒಣ ಸಿಗಡಿಯಿಂದ ಆ ರುಚಿ ಬರಲ್ಲ. ಅದರ ಮೇಲೆ ನಿಲ್ಲೋ ತಿಳಿಯೇ ಪಟಿಸ್, ಅಂದರೆ ಮೀನಿನ ಸಾಸ್. ಬಗೊಓಂಗ್ ಹಸಿ ಮಾವಿನಕಾಯಿಗೆ, ಶೇಂಗಾ ಗೊಜ್ಜಿನ ಕರೆ ಕರೆ ಅನ್ನೋ ಸಾರಿಗೆ ಬೇಕೇ ಬೇಕು. ಸಿಗಡಿಗೆ ಬೇಕಿಲ್ಲ. ಪಟಿಸ್‌ಗೆ ನಿಂಬೆ ಹಿಂಡಿ ಮೆಣಸಿನಕಾಯಿ ಹಾಕೋದು ಇದೆ, ಚೆನ್ನಾಗಿರುತ್ತೆ. ಥಾಯ್ ಮೀನಿನ ಸಾಸ್ ಆನ್‌ಲೈನ್‌ನಲ್ಲಿ ಸಿಗುತ್ತೆ. ಆದರೆ ಆ ವಾಸನೆ ಹೊಸಬರ ಮನೆಯಲ್ಲಿ ಎರಡು ದಿನ ನಿಲ್ಲುತ್ತೆ, ಅತ್ತೆಯವರಿಗೆ ಕಷ್ಟ ಆಗಬಹುದು. ನಾನಾದರೆ ಬಿಡುತ್ತೇನೆ.

ಹಿಂಡಿ ಸಿಗಡಿ ಜೊತೆ ಬೇಡ ಅಕ್ಕಾ, ಎಣ್ಣೆ ಮತ್ತು ಪುಡಿ ಒದ್ದೆ ಸಿಗಡಿಗೆ ಅಂಟಿ ರವೆ ರವೆ ಆಗುತ್ತೆ, ನಾನು ಹಾಸ್ಟೆಲ್‌ನಲ್ಲಿ ಮಾಡಿ ನೋಡಿದ್ದೇನೆ. ಅದನ್ನು ರೊಟ್ಟಿ ಊಟದ ದಿನ ಧಾರಾಳವಾಗಿ ಬಡಿಸಿ. ಸಿಗಡಿ ಊಟಕ್ಕೆ ಮಾತ್ರ ಬಿಳಿ ಅನ್ನ. ಅನ್ನ ಇಲ್ಲದಿದ್ದರೆ ಅವರಿಗೆ ಅದು ಊಟವೇ ಅಲ್ಲ. ಸೋನಾ ಮಸೂರಿ ಸ್ವಲ್ಪ ಮೆತ್ತಗೆ ಮಾಡಿ.

ವಿನೆಗರ್ ಬಗ್ಗೆ ಒಂದು ಸಂಗತಿ ಹೇಳಿಬಿಡುತ್ತೇನೆ. ಅಲ್ಲಿ ಒಂದೊಂದು ಸೀಮೆಗೆ ಒಂದೊಂದು ವಿನೆಗರ್. ಇಲೊಕೊಸ್ ಕಡೆ ಕಬ್ಬಿನದು, ಕಂದು ಬಣ್ಣ. ಮನಿಲಾ ಹತ್ತಿರದ ಪಾವೊಂಬೊಂಗ್‌ನಲ್ಲಿ ನೀಪಾ ಅನ್ನೋ ಜೌಗಿನ ತಾಳೆಯದು. ವಿಸಾಯಸ್, ಮಿಂಡನಾವೊ ಕಡೆ ತೆಂಗಿನ ಮರದ ಟುಬಾ ಹುಳಿಯಾಗಿಸಿದ್ದು. ಟುಬಾ ಅಂದರೆ ನಮ್ಮ ಹಿರಿಯರು ಸೇಂದಿ ಅನ್ನುತ್ತಿದ್ದರಲ್ಲ, ಅದೇ ವಸ್ತು, ಮರ ಮಾತ್ರ ತೆಂಗು. ಆ ಆಂಟಿ ಮನೆಯಲ್ಲಿ ಮೊದಲ ಸಲ ಆ ವಿನೆಗರ್ ಮೂಸಿದಾಗ ನನಗೆ ನಮ್ಮ ಅಜ್ಜನ ಹೊಲದ ಈಚಲ ಮರದ ಮಡಕೆ ವಾಸನೆ ಬಂತು. ಐದು ಸಾವಿರ ಕಿಲೋಮೀಟರ್‌ಗೂ ಆಚೆ ಕೂತು ಹುಮನಾಬಾದ್ ನೆನೆದು ಕಣ್ಣು ತುಂಬಿತ್ತು. ಅದಕ್ಕೇ ನೀವು ಮಾಡುತ್ತಿರುವುದು ನನಗೆ ಇಷ್ಟು ಮುಟ್ಟಿದ್ದು.


ಸೇಡಂ ರಸ್ತೆ ಸೊಸೆ:

ಗಾಬರಿಯಾಗಿದೆ, ಬೇಗ ಹೇಳಿ. ಬಾಟಲಿ ಹಾಕಿ ನಾಲ್ಕು ದಿನ ಆಯಿತು. ಬೆಳ್ಳುಳ್ಳಿ ಹಸಿರು ನೀಲಿ ಬಣ್ಣಕ್ಕೆ ತಿರುಗಿದೆ! ಬೂಸ್ಟು ಇಲ್ಲ, ವಾಸನೆ ಚೆನ್ನಾಗೇ ಇದೆ. ಎಸೆಯಲಾ? ಭಾನುವಾರಕ್ಕೆ ಇನ್ನು ಆರೇ ದಿನ ಇದೆ.


ಹಳೇ ಬಾಣಸಿಗ, ಯಾದಗಿರಿ:

ಎಸೆಯಬೇಡಿ ತಂಗಿ. ಬೆಳ್ಳುಳ್ಳಿಯಲ್ಲಿರೋ ಗಂಧಕದ ಅಂಶ ಹುಳಿಗೆ ಸೇರಿದಾಗ ಹಾಗೆ ಬಣ್ಣ ತಿರುಗುತ್ತೆ, ಕೆಟ್ಟದ್ದಲ್ಲ, ತಿನ್ನಬಹುದು. ಚೀನಾದಲ್ಲಿ ಬೇಕಂತಲೇ ಹಸಿರು ಬರಿಸಿ ಹಬ್ಬಕ್ಕೆ ತಿನ್ನುತ್ತಾರೆ. ಮೇಲೆ ಬಿಳಿ ಹತ್ತಿ ತರ ಬೂಸ್ಟು ಬಂದರೆ, ಲೋಳೆ ಕಟ್ಟಿದರೆ ಮಾತ್ರ ಎಸೆಯೋದು. ಮೆಣಸಿನಕಾಯಿ ತೇಲಿ ಮೇಲೆ ಬಂದಿದ್ದರೆ ಇನ್ನಷ್ಟು ವಿನೆಗರ್ ಹಾಕಿ ಮುಳುಗಿಸಿ. ನೋಡೋಕೆ ಬೇಡ ಅನಿಸಿದರೆ ಬಡಿಸುವ ದಿನ ಬೇರೆ ಬೆಳ್ಳುಳ್ಳಿ ಜಜ್ಜಿ ಬಟ್ಟಲಿಗೆ ಹಾಕಿ.


ಸೇಡಂ ರಸ್ತೆ ಸೊಸೆ:

ನಿನ್ನೆ ಊಟ ಆಯಿತು. ಎಲ್ಲರಿಗೂ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ಶನಿವಾರ ಅಂಗಡಿಯಲ್ಲಿ ತಲೆ ಸಮೇತ ಸಿಕ್ಕದ್ದು ಒಂದು ಕಿಲೋ ಮಾತ್ರ ಚೆನ್ನಾಗಿತ್ತು, ಉಳಿದದ್ದು ಅಣ್ಣಾರು ಹೇಳಿದ ಹಾಗೆ ಘಾಟು ಬರುತ್ತಿತ್ತು, ಬಿಟ್ಟೆ. ಇನ್ನೊಂದು ಕಿಲೋ ಫ್ರೀಜರ್ ಪ್ಯಾಕೆಟ್, ತಲೆ ಇಲ್ಲದ್ದು. ಹಿತ್ತಲ ಒಲೆಯಲ್ಲಿ ಮೂರು ಸಲ ಮಾಡಿದೆ. ಮೊದಲ ಸಲದ್ದು ಸ್ವಲ್ಪ ಉಂಗುರ ಆಯಿತು, ಆಮೇಲಿನ ಎರಡೂ ಸರಿ ಬಂತು.

ಬಾಟಲಿ ನೋಡಿದ ಕೂಡಲೇ ಅವರು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು, ಮುಚ್ಚಳ ತೆಗೆದು ಮೂಸಿದರು, ಇವರ ಕಡೆ ತಿರುಗಿ ಏನೋ ಹೇಳಿದರು. ಇವರು ನನಗೆ ಅನುವಾದ ಮಾಡೋಕೆ ಹೋಗಿ ಸುಮ್ಮನಾಗಿಬಿಟ್ಟರು. ಆಮೇಲೆ ಕೇಳಿದರೆ, "ಅಮ್ಮ ಬಾಗಿಲ ಹತ್ತಿರ ಬಿಸಿಲಿಗೆ ಇಡ್ತಾರೆ ಇದನ್ನ" ಅಂದರಂತೆ.

ನಾನು ಎಲ್ಲಾ ಬೇರೆ ಬೇರೆ ಇಟ್ಟಿದ್ದೆ. ಅವರು ಸಿನಾಮಾಕ್ ಮೂರು ಚಮಚ, ಸೋಯಾ ಒಂದು ಚಮಚ, ಈರುಳ್ಳಿ ಹಾಕಿ, ಬಾಂಡ್ಲಿ ತರಿಸಿ ತಳದ ಕೇಸರಿ ರಸ ಎರಡು ಚಮಚ ಬಿಸಿ ಬಿಸಿ ಸೇರಿಸಿದರು. ಆ ಬಟ್ಟಲನ್ನು ತಾವು ಇಟ್ಟುಕೊಳ್ಳದೆ ನನ್ನ ಕಡೆ ಸರಿಸಿದರು. ಅದ್ದಿ ತಿಂದೆ. ಇಷ್ಟು ವರ್ಷ ಝಿಂಗಾಕ್ಕೆ ಮಸಾಲೆ ಹಾಕದೆ ತಿಂದವಳಲ್ಲ, ಅದರ ಸಿಹಿ ನನಗೆ ನಿನ್ನೆಯೇ ಗೊತ್ತಾಗಿದ್ದು. ಟೊಯೊಮಾನ್ಸಿಗೆ ಕಿತ್ತಳೆ ಬೆರೆಸಿದ ನಿಂಬೆ ಹಿಂಡಿದಾಗ ಅವರು ಕಲಮಾನ್ಸಿ ಎಲ್ಲಿ ಸಿಕ್ಕಿತು ಅಂತ ಕೇಳಿದರು, ಡಾಕ್ಟರ್ ತಂಗಿ, ಇದು ನಿಮಗೆ.

ಅತ್ತೆ ಒಳಗಿನ ಅಡುಗೆಮನೆಯಲ್ಲಿ ತಾವೇ ಮಿರ್ಚಿ ಭಜಿ ಕರಿದು ತಟ್ಟೆ ತಂದು ಇಟ್ಟರು. ಚ್ಯಾಪ್‌ಚುಪ್ ಅಂತ ಅವರ ಬಾಟಲಿ ಖಾಲಿಯಾಗೋಕೆ ಬಂತು. ಇವತ್ತು ಬೆಳಿಗ್ಗೆ ಉಪ್ಪಿಟ್ಟಿಗೂ ಹಾಕಿಕೊಂಡಿದ್ದಾರೆ. ಮಾಸ್ತರರೇ, ಒರೊಸಾ ಹೆಸರು ಹೇಳಿದ್ದಕ್ಕೆ ಅವರು ಕುರ್ಚಿಯಿಂದ ಎದ್ದು ಕೈ ಕುಲುಕಿದರು.

ಈಗ ಒಂದೇ ಪ್ರಶ್ನೆ. ವಿನೆಗರ್ ಮುಗಿದಿದೆ, ಮೆಣಸಿನಕಾಯಿ ಶುಂಠಿ ಎಲ್ಲಾ ಬಾಟಲಿಯಲ್ಲೇ ಇದೆ. ಅದರ ಮೇಲೆ ಹೊಸ ವಿನೆಗರ್ ಹಾಕಬಹುದಾ?


ದವಾವೊ ದಿನಗಳು:

ಹಾಕಬಹುದು ಅಕ್ಕಾ, ಅಲ್ಲೂ ಹಾಗೇ ಮಾಡುತ್ತಾರೆ. ಎರಡು ಸಲ ಚೆನ್ನಾಗಿ ಬರುತ್ತೆ, ಮೂರನೇ ಸಲಕ್ಕೆ ಒಂದು ಹಿಡಿ ಹೊಸ ಮೆಣಸಿನಕಾಯಿ ಸೇರಿಸಿ. ಒಳಗೆ ಒದ್ದೆ ಚಮಚ ಹಾಕಬೇಡಿ, ಸುರಿದುಕೊಳ್ಳಿ. ಮತ್ತೆ ಅವರ ಅಮ್ಮನ ಹಾಗೆ ಬಾಗಿಲ ಹತ್ತಿರ ಇಡೋದಾದರೆ ಬೆಳಗಿನ ಬಿಸಿಲು ಮಾತ್ರ, ಕಲಬುರಗಿ ಮಧ್ಯಾಹ್ನದ ಬಿಸಿಲಿಗೆ ಬೇಡ.